ಹಳೆಯ ಮಿಕ್ಸರ್‌ನ ಬೇಡದ ಸದ್ದು: ಮೂಲ ಎಲ್ಲಿ, ಮದ್ದು ಏನು?

ಭಜನಾ ಮಂಡಳಿಗಳು, ಹವ್ಯಾಸಿ ವಾದ್ಯವೃಂದಗಳು, ಬಡಾವಣೆಯ ಗಣೇಶೋತ್ಸವ ಸಮಿತಿಗಳು, ಮನೆಯ ಮೂಲೆಯಲ್ಲೇ ಪಾಡ್‌ಕಾಸ್ಟ್ ಧ್ವನಿಮುದ್ರಿಸುವ ಯುವಕರು - ಇವರೆಲ್ಲರ ಕಿಸೆಗೆ ಒಗ್ಗುವುದು ಒಂದು ಕೈ ದಾಟಿ ಬಂದ ಮಿಕ್ಸರ್. ಅಂತರ್ಜಾಲದ ಮರುಮಾರಾಟ ತಾಣಗಳಲ್ಲಿ, ಸೌಂಡ್ ಸರ್ವಿಸ್ ನಡೆಸುವವರ ಗೋದಾಮುಗಳಲ್ಲಿ ನಾಲ್ಕರಿಂದ ಹನ್ನೆರಡು ಚಾನೆಲ್‌ಗಳ ಇಂತಹ ಯಂತ್ರಗಳು ಕೆಲವೇ ಸಾವಿರ ರೂಪಾಯಿಗಳಿಗೆ ದೊರೆಯುತ್ತವೆ. ಮನೆಗೆ ತಂದು, ಮೈಕು ಸಿಕ್ಕಿಸಿ, ಸ್ವಿಚ್ ಒತ್ತಿದಾಗ ಮೊದಲು ಕೇಳಿಸುವುದು ಹಾಡಲ್ಲ. 'ಗುಂಯ್' ಎಂಬ ಸದ್ದು.

ಆಗ ಸಾಮಾನ್ಯವಾಗಿ ನಡೆಯುವುದು ಎರಡರಲ್ಲೊಂದು. ಮಿಕ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಿ ಅದನ್ನು ಅಟ್ಟಕ್ಕೆ ಏರಿಸುವುದು ಮೊದಲನೆಯದು. ತಿಳಿದವರೊಬ್ಬರ ಸಲಹೆಯಂತೆ ಪ್ಲಗ್ಗಿನ ಮೂರನೇ ಪಿನ್ನನ್ನು ಕಿತ್ತುಹಾಕುವುದು ಎರಡನೆಯದು. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದರಿಂದ ಪ್ರಾಣವೇ ಹೋಗಬಹುದು. ಇವೆರಡಕ್ಕೂ ಮುನ್ನ ಅರ್ಧ ಗಂಟೆ ತಾಳ್ಮೆಯಿಂದ ಪರೀಕ್ಷಿಸಿದರೆ ಸದ್ದಿನ ಮೂಲ ಬಹುತೇಕ ಪತ್ತೆಯಾಗುತ್ತದೆ. ಅನೇಕ ಬಾರಿ ಆ ಮೂಲ ಮಿಕ್ಸರ್‌ನ ಒಳಗೆ ಇರುವುದೇ ಇಲ್ಲ.

ಕಿವಿಯೇ ಮೊದಲ ಉಪಕರಣ

ಬೇಡದ ಸದ್ದುಗಳೆಲ್ಲ ಒಂದೇ ಬಗೆಯವಲ್ಲ. ರೋಗಿಯ ಕೆಮ್ಮನ್ನು ಕೇಳಿಯೇ ಅನುಭವಿ ವೈದ್ಯರು ಅರ್ಧ ರೋಗ ತಿಳಿಯುವಂತೆ, ಸದ್ದಿನ ಸ್ವರೂಪವನ್ನು ಗಮನಿಸಿದರೆ ಹುಡುಕಬೇಕಾದ ದಿಕ್ಕು ತಿಳಿಯುತ್ತದೆ.

ಭಾರತದಲ್ಲಿ ಮನೆಗಳಿಗೆ ಪೂರೈಕೆಯಾಗುವ ವಿದ್ಯುತ್ತು 230 ವೋಲ್ಟ್‌ನದು. ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಆದ್ದರಿಂದ ತಂತಿಯಿಂದ, ಟ್ರಾನ್ಸ್‌ಫಾರ್ಮರ್‌ನಿಂದ ನೇರವಾಗಿ ನುಸುಳುವ ಗುಂಯ್‌ಕಾರ 50 ಹರ್ಟ್ಸ್‌ನದಾಗಿರುತ್ತದೆ. ಅದು ಬಹಳ ತಗ್ಗಿನ, ಎದೆಗೆ ತಟ್ಟುವಂತಹ ಸ್ವರ. ಆದರೆ ಮಿಕ್ಸರ್‌ನ ಒಳಗಿನ ವಿದ್ಯುತ್ ಪೂರೈಕೆ ವಿಭಾಗ ಪರ್ಯಾಯ ವಿದ್ಯುತ್ತನ್ನು ಏಕಮುಖವಾಗಿಸುವಾಗ ಅಲೆಯ ಎರಡೂ ಅರ್ಧಗಳನ್ನು ಬಳಸಿಕೊಳ್ಳುತ್ತದೆ. ಅಲ್ಲಿ ಸೋಸುವ ಕೆಲಸ ಸರಿಯಾಗದಿದ್ದರೆ ಹೊರಬರುವುದು 100 ಹರ್ಟ್ಸ್. ಅಂದರೆ ಸರಿಯಾಗಿ ಒಂದು ಸ್ಥಾಯಿ ಮೇಲೆ, ಸ್ವಲ್ಪ ಒರಟಾಗಿ. ಸಂಗೀತ ಬಲ್ಲವರಿಗೆ ಈ ಅಂತರ ಕಿವಿಗೇ ಗೊತ್ತಾಗುತ್ತದೆ. ಗೊತ್ತಾಗದವರು ಬ್ಯಾಟರಿಯಲ್ಲಿ ನಡೆಯುತ್ತಿರುವ ಲ್ಯಾಪ್‌ಟಾಪ್‌ನಲ್ಲಿ ಕೆಲವು ಸೆಕೆಂಡುಗಳ ಸದ್ದನ್ನು ಧ್ವನಿಮುದ್ರಿಸಿ, ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ಅದರ ವರ್ಣಪಟಲ ನೋಡಿದರೆ ಶಿಖರ 50ರಲ್ಲಿದೆಯೋ 100ರಲ್ಲಿದೆಯೋ ಎಂಬುದು ಕಣ್ಣಿಗೆ ಕಾಣುತ್ತದೆ.

ಗುಂಯ್ ಎನ್ನುವುದಕ್ಕಿಂತ 'ಝರ್‍ರ್' ಎಂದು ಮೊನಚಾಗಿ ಕೇಳಿಸಿದರೆ ಸಂಶಯ ಪಡಬೇಕಾದದ್ದು ಕೋಣೆಯ ಇತರ ಉಪಕರಣಗಳನ್ನು. ನಯವಾಗಿ ತಿರುಗುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್‌ಗಳು, ಬೆಳಕು ತಗ್ಗಿಸುವ ಡಿಮ್ಮರ್‌ಗಳು ವಿದ್ಯುತ್ತಿನ ಅಲೆಯನ್ನು ಪ್ರತಿ ಬಾರಿಯೂ ಮಧ್ಯದಲ್ಲೇ ಕತ್ತರಿಸುವ ಮೂಲಕ ಕೆಲಸ ಮಾಡುತ್ತವೆ. ಆ ಕತ್ತರಿಕೆಯ ಅಂಚು ಸುತ್ತಲಿನ ತಂತಿಗಳಿಗೆಲ್ಲ ಹರಡುತ್ತದೆ. ಫ್ಯಾನ್ ಆರಿಸಿದಾಗ ಸದ್ದು ನಿಂತರೆ ತನಿಖೆ ಅಲ್ಲಿಗೇ ಮುಗಿಯಿತು. ಪಕ್ಕದ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದಾಗಲೆಲ್ಲ ಮಿಕ್ಸರ್ ಗೊರಗುಟ್ಟುವುದೂ ಉಂಟು. ಹೆಸರಿನ ಹೋಲಿಕೆಗೂ ಅದಕ್ಕೂ ಸಂಬಂಧವಿಲ್ಲ, ಮೋಟಾರಿನ ಕಾರ್ಬನ್ ಬ್ರಷ್‌ಗಳ ಕಿಡಿಯೇ ಕಾರಣ.

ಕರೆ ಬರುವ ಮುನ್ನ ಕೇಳಿಸುವ 'ಡಿಟ್-ಡಿಟ್-ಡಿಟ್' ಸದ್ದು ಮೊಬೈಲಿನದು. ಜಿಎಸ್‌ಎಂ ಫೋನ್ ಸೆಕೆಂಡಿಗೆ ಸುಮಾರು 217 ಬಾರಿ ಬಿಟ್ಟುಬಿಟ್ಟು ಸಂಕೇತ ಕಳುಹಿಸುತ್ತದೆ. ಆ ಲಯವನ್ನು ಮಿಕ್ಸರ್‌ನ ಸೂಕ್ಷ್ಮ ಮಂಡಲಗಳು ಹಿಡಿದುಕೊಳ್ಳುತ್ತವೆ. ಫೋನನ್ನು ಮಿಕ್ಸರ್‌ನ ಮೇಲಿಡದೆ ನಾಲ್ಕಡಿ ದೂರ ಇಟ್ಟರೆ ಸಾಕು.

ಒಂದೊಂದೇ ಎಳೆ ಬಿಡಿಸಿ

ಹುಡುಕಾಟದ ನಿಯಮ ಸರಳ. ಮೊದಲಿಗೆ ಮಿಕ್ಸರ್‌ಗೆ ಸೇರಿಸಿದ ಎಲ್ಲ ಕೇಬಲ್‌ಗಳನ್ನೂ ತೆಗೆಯಬೇಕು. ಮೈಕು, ಕೀಬೋರ್ಡ್, ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಎಲ್ಲವೂ. (ತೆಗೆಯುವ ಮುನ್ನ ಆಂಪ್ಲಿಫೈಯರ್‌ನ ವಾಲ್ಯೂಮ್ ಪೂರ್ತಿ ತಗ್ಗಿಸದಿದ್ದರೆ 'ಧಡ್' ಎಂಬ ಸದ್ದಿಗೆ ಸ್ಪೀಕರ್ ಹಾಳಾದೀತು.) ಈಗ ಉಳಿಯುವುದು ವಿದ್ಯುತ್ ಸಂಪರ್ಕ ಮತ್ತು ಹೆಡ್‌ಫೋನ್ ಮಾತ್ರ.

ಈ ಸ್ಥಿತಿಯಲ್ಲಿ ಹೆಡ್‌ಫೋನ್‌ನಲ್ಲಿ ಗುಂಯ್‌ಕಾರ ಇಲ್ಲದಿದ್ದರೆ ಮಿಕ್ಸರ್ ನಿರಪರಾಧಿ. ಅದನ್ನು ಬಿಚ್ಚುವ, ರಿಪೇರಿಗೆ ಒಯ್ಯುವ ಅಗತ್ಯವಿಲ್ಲ. ತೆಗೆದ ಕೇಬಲ್‌ಗಳನ್ನು ಒಂದೊಂದಾಗಿ ಮರಳಿ ಸೇರಿಸುತ್ತಾ ಹೋದರೆ ಯಾವುದೋ ಒಂದು ಹಂತದಲ್ಲಿ ಸದ್ದು ಪ್ರತ್ಯಕ್ಷವಾಗುತ್ತದೆ. ಕೊನೆಯದಾಗಿ ಸೇರಿಸಿದ್ದೇ ಅಪರಾಧಿ, ಅಥವಾ ಅಪರಾಧಿಗೆ ದಾರಿ.

ಏನನ್ನೂ ಸೇರಿಸದಿದ್ದರೂ ಸದ್ದು ಇದ್ದರೆ ಮಾಸ್ಟರ್ ಫೇಡರ್ ಅನ್ನು ಪೂರ್ತಿ ಕೆಳಗಿಳಿಸಿ ನೋಡಬೇಕು. ಆಗ ಸದ್ದು ಮಾಯವಾದರೆ ದೋಷ ಆ ಫೇಡರ್‌ಗಿಂತ ಮೊದಲಿನ ಭಾಗದಲ್ಲಿದೆ. ಮುಂದಿನ ಹೆಜ್ಜೆ, ಮಾಸ್ಟರ್ ಮೇಲಿಟ್ಟು ಚಾನೆಲ್ ಫೇಡರ್‌ಗಳನ್ನು ಒಂದೊಂದಾಗಿ ಇಳಿಸುವುದು. ಒಂದೇ ಚಾನೆಲ್‌ನ ಸದ್ದು ಉಳಿದವುಗಳಿಗಿಂತ ಹೆಚ್ಚಿದ್ದರೆ ಕಾಯಿಲೆ ಆ ಚಾನೆಲ್‌ನದು. ಎಲ್ಲದರಲ್ಲೂ ಸಮನಾಗಿದ್ದರೆ ಎಲ್ಲಕ್ಕೂ ಸಾಮಾನ್ಯವಾದ ವಿದ್ಯುತ್ ಪೂರೈಕೆ ವಿಭಾಗದ್ದು. ಮಾಸ್ಟರ್ ಇಳಿಸಿದರೂ ಸದ್ದು ನಿಲ್ಲದಿದ್ದರೆ ಹೊರಹರಿವಿನ ಹಂತವನ್ನೋ ಮತ್ತೆ ಆ ವಿದ್ಯುತ್ ಪೂರೈಕೆಯನ್ನೋ ಶಂಕಿಸಬೇಕು.

ಇಲ್ಲಿ ಬಹಳಷ್ಟು ಜನ ಮರೆಯುವ ಒಂದು ಗುಂಡಿ ಇದೆ. ಅಗ್ಗದ ಮಿಕ್ಸರ್‌ಗಳಲ್ಲಿ 'ಎಕೋ' ನೀಡುವ ಡಿಜಿಟಲ್ ವಿಭಾಗವೊಂದು ಅಡಕವಾಗಿರುತ್ತದೆ. ಭಜನೆಗೆ ಎಕೋ ಬೇಕೇ ಬೇಕು ಎಂಬುದು ಊರೂರಿನ ರೂಢಿ, ಇರಲಿ. ಆದರೆ ಅದನ್ನು ಮರಳಿ ಬೆರೆಸುವ ಗುಂಡಿ ಸದಾ ಮೇಲೆಯೇ ಇದ್ದರೆ ಯಾರೂ ಹಾಡದಿದ್ದಾಗಲೂ ಆ ಚಿಪ್‌ನ 'ಸುಯ್' ಮತ್ತು ಸಣ್ಣ ಸಿಳ್ಳೆ ಸ್ಪೀಕರ್‌ಗೆ ಹರಿಯುತ್ತಿರುತ್ತದೆ. ಅದನ್ನು ಶೂನ್ಯಕ್ಕೆ ತಿರುಗಿಸಿದ ಮಾತ್ರಕ್ಕೇ 'ರಿಪೇರಿ'ಯಾದ ಮಿಕ್ಸರ್‌ಗಳು ಕಡಿಮೆಯೇನಲ್ಲ.

ಮೂರನೇ ಪಿನ್ನನ್ನು ಮುಟ್ಟಬೇಡಿ

ಮಿಕ್ಸರ್ ಒಂಟಿಯಾಗಿದ್ದಾಗ ಮೌನ, ಆಂಪ್ಲಿಫೈಯರ್‌ಗೋ ಕಂಪ್ಯೂಟರ್‌ಗೋ ಸೇರಿಸಿದೊಡನೆ ಗುಂಯ್‌ಕಾರ - ಈ ಲಕ್ಷಣ ಕಂಡುಬಂದರೆ ಅದು ಬಹುಮಟ್ಟಿಗೆ 'ಅರ್ಥ್ ಲೂಪ್'. ಮಿಕ್ಸರ್ ಒಂದು ಗೋಡೆಯ ಸಾಕೆಟ್ಟಿನಿಂದ, ಆಂಪ್ಲಿಫೈಯರ್ ಇನ್ನೊಂದು ಮೂಲೆಯ ಸಾಕೆಟ್ಟಿನಿಂದ ವಿದ್ಯುತ್ ಪಡೆಯುತ್ತಿರುತ್ತದೆ. ಎರಡೂ ಸಾಕೆಟ್‌ಗಳ ಅರ್ಥ್ ತಂತಿಗಳು ಎಲ್ಲೋ ದೂರದಲ್ಲಿ ಕೂಡುತ್ತವೆ. ಈಗ ಆಡಿಯೋ ಕೇಬಲ್ಲಿನ ಹೊರಕವಚ ಅವುಗಳನ್ನು ಇನ್ನೊಂದು ಕಡೆಯಿಂದ ಬೆಸೆಯುವುದರಿಂದ ಒಂದು ದೊಡ್ಡ ಬಳೆ ನಿರ್ಮಾಣವಾಗುತ್ತದೆ. ಎರಡು ಸಾಕೆಟ್‌ಗಳ ಅರ್ಥ್ ನಡುವೆ ಇರಬಹುದಾದ ಅಲ್ಪ ವ್ಯತ್ಯಾಸವೇ ಆ ಬಳೆಯಲ್ಲಿ 50 ಹರ್ಟ್ಸ್ ವಿದ್ಯುತ್ತನ್ನು ಹರಿಸುತ್ತದೆ.

ಈ ಅಲ್ಪ ವ್ಯತ್ಯಾಸ ಎಷ್ಟು ತೊಂದರೆ ಕೊಡಬಲ್ಲದು ಎಂಬುದನ್ನು ಒಂದು ಲೆಕ್ಕದಿಂದ ಅರಿಯಬಹುದು. ಮನೆಬಳಕೆಯ ಉಪಕರಣಗಳ ಆಡಿಯೋ ಸಂಕೇತದ ಸಾಮಾನ್ಯ ಮಟ್ಟ ಸುಮಾರು 0.316 ವೋಲ್ಟ್. ಅದರ ಜತೆ ಕೇವಲ 10 ಮಿಲಿವೋಲ್ಟ್ ಗುಂಯ್‌ಕಾರ ಸೇರಿದರೆ ಹಾಡಿಗೂ ಸದ್ದಿಗೂ ಇರುವ ಅಂತರ ಬರೀ 30 ಡೆಸಿಬೆಲ್‌ಗೆ ಕುಸಿಯುತ್ತದೆ. ಹಾಡಿನ ಪಲ್ಲವಿಗೂ ಚರಣಕ್ಕೂ ನಡುವಿನ ಬಿಡುವಿನಲ್ಲಿ ಅದು ಎಲ್ಲರಿಗೂ ಕೇಳುತ್ತದೆ.

ಅರ್ಥ್ ಪಿನ್ನನ್ನು ಕಿತ್ತಾಗ ಬಳೆ ತುಂಡಾಗುತ್ತದೆ, ಸದ್ದು ನಿಲ್ಲುತ್ತದೆ. ಇದು ನಿಜ. ಹಾಗಾಗಿಯೇ ಈ ಕೆಟ್ಟ ಉಪಾಯ ಬಾಯಿಂದ ಬಾಯಿಗೆ ಹರಡಿದೆ. ಆದರೆ ಆ ಪಿನ್ ಇರುವುದು ಸಂಗೀತಕ್ಕಾಗಿ ಅಲ್ಲ. ಒಳಗಿನ ತಂತಿಯೊಂದು ಸವೆದು ಲೋಹದ ಹೊರಮೈಗೆ ತಾಗಿದರೆ, ವಿದ್ಯುತ್ ಅರ್ಥ್ ತಂತಿಯ ಮೂಲಕ ಹರಿದು ಫ್ಯೂಸ್ ಸುಟ್ಟುಹೋಗಬೇಕು ಅಥವಾ ಎಂಸಿಬಿ ಬೀಳಬೇಕು. ಪಿನ್ ಇಲ್ಲದಿದ್ದರೆ ಹೊರಮೈ 230 ವೋಲ್ಟ್‌ನಲ್ಲಿ ಕಾದು ಕುಳಿತಿರುತ್ತದೆ. ಅದಕ್ಕೆ ಸೇರಿದ ಮೈಕಿನ ಲೋಹದ ಜಾಲರಿಯೂ ಕೇಬಲ್ ಕವಚದ ಮೂಲಕ ಅದೇ ಸ್ಥಿತಿಗೆ ಬರುತ್ತದೆ. ಗಾಯಕರ ತುಟಿ ತಾಗುವುದು ಆ ಜಾಲರಿಗೇ.

ಇದು ಕೇವಲ ಊಹೆಯ ಅಪಾಯವಲ್ಲ. 'ಸ್ಟೋನ್ ದಿ ಕ್ರೋಸ್' ಎಂಬ ಸ್ಕಾಟ್ಲೆಂಡಿನ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್‌ಸಿ ನಗರದ ವೇದಿಕೆಯಲ್ಲಿ ಮೈಕು ಮುಟ್ಟಿದಾಗ ವಿದ್ಯುದಾಘಾತದಿಂದ ಮೃತಪಟ್ಟರು. 'ಯಾರ್ಡ್‌ಬರ್ಡ್ಸ್' ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರಲ್ಲಿ ತಮ್ಮ ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಾಗ ಅದೇ ರೀತಿ ಸಾವಿಗೀಡಾದರು. ಮಳೆಗಾಲದ ಒದ್ದೆ ನೆಲದ ಮೇಲೆ, ಕಂಬದಿಂದ ಎಳೆದ ತಾತ್ಕಾಲಿಕ ತಂತಿಯಲ್ಲಿ, ಬರಿಗಾಲಿನಲ್ಲಿ ನಿಂತು ಹಾಡುವ ಪೆಂಡಾಲುಗಳಲ್ಲಿ ಅಪಾಯ ಇನ್ನೂ ಹೆಚ್ಚು.

ಅರ್ಥ್ ಲೂಪ್‌ಗೆ ಸರಿಯಾದ ಪರಿಹಾರಗಳು ಬೇರೆಯೇ ಇವೆ, ದುಬಾರಿಯೂ ಅಲ್ಲ. ಮಿಕ್ಸರ್, ಆಂಪ್ಲಿಫೈಯರ್, ಲ್ಯಾಪ್‌ಟಾಪ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದರೆ ಬಳೆ ಕಿರಿದಾಗಿ ಸದ್ದು ತಾನಾಗಿಯೇ ಇಳಿಯುತ್ತದೆ. ಸಣ್ಣ ಮಿಕ್ಸರ್ ಹಾಗೂ ಮನೆಯ ಆಂಪ್ಲಿಫೈಯರ್ ಸೇರಿ ಎಳೆಯುವ ವಿದ್ಯುತ್ ಅಷ್ಟೇನೂ ಹೆಚ್ಚಿರದು, ಒಂದು ಒಳ್ಳೆಯ ಬೋರ್ಡು ಅದನ್ನು ತಾಳುತ್ತದೆ. ಇದು ಸಾಲದಿದ್ದರೆ ಆಡಿಯೋ ದಾರಿಯಲ್ಲಿ ಒಂದಕ್ಕೊಂದು ಅನುಪಾತದ ಸಣ್ಣ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸೇರಿಸಬೇಕು. ಸಂಕೇತ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಂತಿಗೆ ತಂತಿ ಕೂಡುವುದಿಲ್ಲ, ಬಳೆ ತುಂಡಾಗುತ್ತದೆ, ವಿದ್ಯುತ್ ಸುರಕ್ಷತೆ ಹಾಗೆಯೇ ಉಳಿಯುತ್ತದೆ. ಲ್ಯಾಪ್‌ಟಾಪ್ ಸೇರಿಸಿದಾಗ ಮಾತ್ರ 'ಕೀಂ' ಎಂಬ ಸದ್ದು ಬಂದು, ಚಾರ್ಜರ್ ಕಿತ್ತೊಡನೆ ನಿಲ್ಲುವುದಾದರೆ ಅದಕ್ಕೂ ಇದೇ ಮದ್ದು.

ಮೂರನೆಯ ದಾರಿ ಬ್ಯಾಲೆನ್ಸ್ಡ್ ಕೇಬಲ್. ಮೂರು ಪಿನ್ನುಗಳ ಎಕ್ಸ್‌ಎಲ್‌ಆರ್ ಜೋಡಣೆಯಲ್ಲಿ ಮೊದಲ ಪಿನ್ ಕವಚಕ್ಕೆ; ಎರಡು ಮತ್ತು ಮೂರನೆಯವು ಸಂಕೇತವನ್ನು ಪರಸ್ಪರ ವಿರುದ್ಧವಾಗಿ ಒಯ್ಯುತ್ತವೆ. ದಾರಿಯಲ್ಲಿ ಸೇರುವ ಗುಂಯ್‌ಕಾರ ಎರಡೂ ತಂತಿಗಳಲ್ಲಿ ಒಂದೇ ಸಮನಾಗಿ ಕೂಡುವುದರಿಂದ, ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಅಳಿದುಹೋಗುತ್ತದೆ. ಆದರೆ ಅಗ್ಗದ ಯಂತ್ರಗಳಲ್ಲಿ ಆ ಮೊದಲ ಪಿನ್ನನ್ನು ನೇರವಾಗಿ ಲೋಹದ ಹೊರಮೈಗೆ ಜೋಡಿಸದೆ ಒಳಗಿನ ಸರ್ಕೀಟು ಹಲಗೆಯ ಮೂಲಕ ಸುತ್ತಿಸಿರುತ್ತಾರೆ. ಕವಚದಲ್ಲಿ ಹರಿಯುವ ಕಸವೆಲ್ಲ ಆಗ ಸಂಕೇತದೊಳಗೇ ಬೆರೆಯುತ್ತದೆ. ಕೆನಡಾದ ಧ್ವನಿ ತಂತ್ರಜ್ಞ ನೀಲ್ ಮನ್ಸಿ 1995ರಲ್ಲಿ ಪ್ರಬಂಧವೊಂದರ ಮೂಲಕ ಈ ದೋಷದತ್ತ ಬೆರಳು ತೋರಿದ ಬಳಿಕ ಇದಕ್ಕೆ 'ಪಿನ್-1 ಸಮಸ್ಯೆ' ಎಂಬ ಹೆಸರೇ ನಿಂತಿತು. ಆಡಿಯೋ ಎಂಜಿನಿಯರಿಂಗ್ ಸೊಸೈಟಿ 2005ರಲ್ಲಿ ಇದಕ್ಕಾಗಿ ಮಾನದಂಡವನ್ನೂ ರೂಪಿಸಿತು. ಬ್ಯಾಲೆನ್ಸ್ಡ್ ಕೇಬಲ್ ಹಾಕಿದರೂ ಗುಂಯ್‌ಕಾರ ನಿಲ್ಲದ ಹಳೆಯ ಮಿಕ್ಸರ್‌ಗಳ ಒಗಟಿಗೆ ಅನೇಕ ಸಲ ಉತ್ತರ ಇದು.

ಅರ್ಥಿಂಗ್ ಇದೆಯೇ?

ಇದಕ್ಕೆ ತದ್ವಿರುದ್ಧವಾದ ಸಂದರ್ಭವೂ ಉಂಟು, ಹಳೆಯ ಮನೆಗಳಲ್ಲಿ ಅದೇ ಹೆಚ್ಚು. ಸಾಕೆಟ್ಟಿನಲ್ಲಿ ಮೂರು ತೂತುಗಳಿರುತ್ತವೆ. ಮೇಲಿನ ದಪ್ಪ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಇದ್ದರೂ ಹಿತ್ತಲಿನ ಅರ್ಥಿಂಗ್ ಗುಂಡಿಯ ಇದ್ದಲು-ಉಪ್ಪಿಗೆ ವರ್ಷಗಳಿಂದ ಯಾರೂ ನೀರು ಹಾಕಿರುವುದಿಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ಹೆಸರಿಗಷ್ಟೇ ಉಳಿದಿರುತ್ತದೆ.

ಕಂಪ್ಯೂಟರ್‌ನ ವಿದ್ಯುತ್ ಪೂರೈಕೆಯೊಳಗೆ ಎರಡೂ ತಂತಿಗಳಿಂದ ಹೊರಮೈಗೆ ಸಣ್ಣ ಕೆಪ್ಯಾಸಿಟರ್‌ಗಳನ್ನು ಜೋಡಿಸಿರುತ್ತಾರೆ. ಅರ್ಥಿಂಗ್ ಸರಿ ಇದ್ದರೆ ಅವು ಕಸವನ್ನು ಭೂಮಿಗೆ ಒಯ್ಯುತ್ತವೆ. ಇಲ್ಲದಿದ್ದರೆ ಕಂಪ್ಯೂಟರಿನ ಲೋಹದ ಮೈ ಪೂರೈಕೆಯ ಅರ್ಧದಷ್ಟು, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ತೇಲುತ್ತದೆ. ಹರಿಯುವ ವಿದ್ಯುತ್ ತೀರಾ ಕಡಿಮೆಯಾದ್ದರಿಂದ ಮುಟ್ಟಿದವರಿಗೆ ಬರೀ ಚಿಮುಚಿಮು ಅನುಭವ. ಅದೇ ಹರಿವು ಆಡಿಯೋ ಕೇಬಲ್ಲಿನ ಮೂಲಕ ಮಿಕ್ಸರ್‌ಗೆ ಇಳಿದಾಗ ಝೇಂಕಾರ. ಮಿಕ್ಸರ್‌ನ ಲೋಹದ ಭಾಗವನ್ನೋ ಗಿಟಾರಿನ ತಂತಿಯನ್ನೋ ಮುಟ್ಟಿದಾಗ ಸದ್ದು ಏರಿಳಿಯುತ್ತದೆ ಎಂಬ ದೂರಿನ ಹಿಂದೆ ಇರುವುದು ಬಹಳ ಸಲ ಈ ಅರ್ಥಿಂಗ್ ಕೊರತೆ. ಆದರೆ ಸಂಶಯ ಇರುವೆಡೆ ಬರಿಗೈಯಿಂದ ಮುಟ್ಟಿ ಪರೀಕ್ಷಿಸುವುದು ಸಲ್ಲದು.

ಮೀಟರಿನಿಂದ ಅಳೆಯುವ ಎಲೆಕ್ಟ್ರೀಷಿಯನ್‌ಗೆ ಇದು ಎರಡು ನಿಮಿಷದ ಕೆಲಸ. ಫೇಸ್ ಮತ್ತು ಅರ್ಥ್ ನಡುವೆ 230ರ ಸಮೀಪದ ವೋಲ್ಟೇಜ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಕೆಲವರು ತಂತಿ ಉಳಿಸಲು ಸಾಕೆಟ್ಟಿನಲ್ಲೇ ನ್ಯೂಟ್ರಲ್ ಅನ್ನು ಅರ್ಥ್‌ಗೆ ಕೂಡಿಸಿಬಿಡುತ್ತಾರೆ. ಎಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ ಉಪಕರಣಗಳ ಮೈಯೆಲ್ಲ ಜೀವಂತ ತಂತಿಯಾಗುತ್ತದೆ. ಕಾರ್ಯಕ್ರಮಗಳಿಗೆ ಮೈಕ್‌ಸೆಟ್ ಒಯ್ಯುವವರು ತಮ್ಮ ಬೋರ್ಡಿನಲ್ಲೇ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಿಕೊಳ್ಳುವುದು ಮಿಕ್ಸರ್ ಕೊಳ್ಳುವುದಕ್ಕಿಂತ ಮೊದಲಿನ ಖರ್ಚಾಗಬೇಕು.

'ಸುಯ್' ಎನ್ನುವ ಸದ್ದು ಪೂರ್ತಿ ಹೋಗದು

ಗುಂಯ್‌ಕಾರಕ್ಕೆ ಮದ್ದುಂಟು. ಸುಯ್ಯೆನ್ನುವ ಸದ್ದಿಗೆ ಮಿತಿಯುಂಟು. ಯಾವುದೇ ವಾಹಕದಲ್ಲಿ ಶಾಖದಿಂದಾಗಿ ಎಲೆಕ್ಟ್ರಾನ್‌ಗಳು ತಳಮಳಿಸುತ್ತಲೇ ಇರುತ್ತವೆ. ಅದೇ ಸದ್ದಾಗಿ ಕೇಳಿಸುತ್ತದೆ. 1928ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ ಜಾನ್ಸನ್ ಇದರ ಅಳತೆಯನ್ನು ಪ್ರಕಟಿಸಿದರು. ಹ್ಯಾರಿ ನೈಕ್ವಿಸ್ಟ್ ಅದೇ ವರ್ಷ ಗಣಿತದ ವಿವರಣೆ ನೀಡಿದರು. 150 ಓಮ್‌ಗಳ ಮೈಕಿನ ಈ ಸಹಜ ಸದ್ದು ಸುಮಾರು ಮೈನಸ್ 131 ಡಿಬಿಯು. ಸಾಧಾರಣ ಮಿಕ್ಸರ್‌ನ ಮೈಕ್ ಪ್ರಿಆಂಪ್ ಮೈನಸ್ 128ರ ಆಸುಪಾಸಿನಲ್ಲಿರುತ್ತದೆ. ಅಂದರೆ ಎಷ್ಟೇ ದುಬಾರಿ ಯಂತ್ರ ತಂದರೂ ಗಳಿಸಬಹುದಾದದ್ದು ಎರಡು-ಮೂರು ಡೆಸಿಬೆಲ್ ಮಾತ್ರ.

ಗಳಿಕೆ ಇರುವುದು ಬೇರೆ ಕಡೆ. ವೇದಿಕೆಗಳಲ್ಲಿ ಚಿರಪರಿಚಿತವಾದ ಶೂರ್ ಎಸ್‌ಎಂ58 ಮೈಕನ್ನೇ ತೆಗೆದುಕೊಂಡರೆ, 94 ಡೆಸಿಬೆಲ್ ಧ್ವನಿಗೆ ಅದು ನೀಡುವುದು 1.85 ಮಿಲಿವೋಲ್ಟ್. ಒಂದಡಿ ದೂರದಿಂದ ಸಾಮಾನ್ಯ ದನಿಯಲ್ಲಿ ಮಾತನಾಡಿದರೆ ಮೈಕಿಗೆ ತಲುಪುವುದು 70 ಡೆಸಿಬೆಲ್‌ನ ಆಸುಪಾಸು, ಸಂಕೇತ 0.12 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಅದನ್ನು ಸಾವಿರಾರು ಪಟ್ಟು ಹಿಗ್ಗಿಸುವಾಗ ಸುಯ್ ಸದ್ದೂ ಜತೆಗೇ ಹಿಗ್ಗುತ್ತದೆ. ಬಾಯಿಯನ್ನು ಒಂದಡಿಯಿಂದ ಮೂರಿಂಚಿಗೆ ತಂದರೆ ದೂರ ನಾಲ್ಕನೇ ಒಂದಾಗಿ, ಸಂಕೇತ ಸುಮಾರು 12 ಡೆಸಿಬೆಲ್ ಏರುತ್ತದೆ. ಕಾಸಿನ ಖರ್ಚಿಲ್ಲ. ಯಾವ ಹೊಸ ಮಿಕ್ಸರ್ ಕೂಡ ಇಷ್ಟು ಸುಧಾರಣೆ ತಂದುಕೊಡದು.

ಗುಂಡಿಗಳ ಹೊಂದಾಣಿಕೆಯೂ ಅಷ್ಟೇ ಮುಖ್ಯ. ಮೇಲ್ತುದಿಯ ಗೇನ್ ಗುಂಡಿಯನ್ನು ತಗ್ಗಿಸಿಟ್ಟು, ಕೆಳಗಿನ ಫೇಡರ್ ಹಾಗೂ ಆಂಪ್ಲಿಫೈಯರ್ ಅನ್ನು ಪೂರ್ತಿ ಏರಿಸುವುದು ರೂಢಿಯಲ್ಲಿರುವ ತಪ್ಪು ಕ್ರಮ. ಹಿಗ್ಗುವಿಕೆಯ ಬಹುಪಾಲು ಮೊದಲ ಹಂತದಲ್ಲೇ ಆಗಬೇಕು. ಗಾಯಕರು ಗಟ್ಟಿಯಾಗಿ ಹಾಡಿದಾಗ ಕೆಂಪು ದೀಪ ಮಿನುಗುವುದಕ್ಕೆ ಸ್ವಲ್ಪ ಮೊದಲಿನವರೆಗೆ ಗೇನ್ ಏರಿಸಿ, ಫೇಡರ್‌ಗಳನ್ನು ಸೊನ್ನೆಯ ಗುರುತಿನ ಬಳಿ ಇಟ್ಟು, ಆಂಪ್ಲಿಫೈಯರ್ ಅನ್ನು ಬೇಕಾದಷ್ಟಕ್ಕೆ ಮಾತ್ರ ತೆರೆಯಬೇಕು. ಬಳಸದ ಚಾನೆಲ್‌ಗಳ ಫೇಡರ್ ಕೆಳಗಿರಲಿ. ತೆರೆದ ಚಾನೆಲ್‌ಗಳ ಸಂಖ್ಯೆ ಇಮ್ಮಡಿಸಿದಂತೆಲ್ಲ ಸುಯ್ ಸದ್ದು 3 ಡೆಸಿಬೆಲ್ ಏರುತ್ತದೆ. ಟ್ರೆಬಲ್ ಗುಂಡಿ ನಡುವಿನಲ್ಲಿರಲಿ. ಮೈಕಿಲ್ಲದ ಚಾನೆಲ್‌ನ ಗೇನ್ ಏರಿಸಿ 'ಎಷ್ಟು ಸದ್ದು ನೋಡಿ' ಎಂದು ಕೊರಗುವುದೂ ಬೇಡ. ತೆರೆದ ಇನ್‌ಪುಟ್ ಯಾವಾಗಲೂ ಮೈಕು ಸೇರಿಸಿದ ಇನ್‌ಪುಟ್‌ಗಿಂತ ಹೆಚ್ಚು ಸದ್ದು ಮಾಡುತ್ತದೆ.

ಕರಕರ, ಚಟಪಟ

ಗುಂಡಿ ತಿರುಗಿಸಿದಾಗ ಕರಕರ ಎನ್ನುವುದು ಹಳೆಯ ಮಿಕ್ಸರ್‌ಗಳ ಸಾಮಾನ್ಯ ಕಾಯಿಲೆ. ಒಳಗಿನ ಕಾರ್ಬನ್ ಹಳಿಯ ಮೇಲೆ ಧೂಳು, ತೇವ, ಊದಿನಕಡ್ಡಿಯ ಹೊಗೆ ಕುಳಿತಿರುತ್ತದೆ. ವಿದ್ಯುತ್ ಆರಿಸಿ ಪ್ರತಿ ಗುಂಡಿಯನ್ನೂ ಈ ತುದಿಯಿಂದ ಆ ತುದಿಗೆ ಇಪ್ಪತ್ತು-ಮೂವತ್ತು ಬಾರಿ ತಿರುಗಿಸಿದರೆ ಅರ್ಧದಷ್ಟು ಗುಣವಾಗುತ್ತದೆ. ಉಳಿದದ್ದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರೆಯುವ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ತುಕ್ಕು ಬಿಡಿಸಲೆಂದು ಮನೆಯಲ್ಲಿರುವ ಎಣ್ಣೆಯ ಸ್ಪ್ರೇಗಳನ್ನು ಹೊಡೆದರೆ ಮೊದಲ ವಾರ ಚೆನ್ನಾಗಿ, ಆಮೇಲೆ ಇನ್ನಷ್ಟು ಧೂಳು ಅಂಟಿಕೊಂಡು ಹಾಳಾಗುತ್ತದೆ. ಫೇಡರ್‌ಗಳಿಗಂತೂ ಅದು ಶತ್ರು.

ಶುಚಿಗೊಳಿಸಿದ ಮೇಲೂ ತಿರುಗಿಸಿದಾಗಲೆಲ್ಲ ಕರಕರ ಎಂದರೆ ಗುಂಡಿಯದಲ್ಲ, ಅದರ ಹಿಂದಿನ ಕೆಪ್ಯಾಸಿಟರ್‌ನ ದೋಷ. ಏಕಮುಖ ವಿದ್ಯುತ್ತನ್ನು ತಡೆಯಬೇಕಾದ ಅದು ಸೋರುತ್ತಿದೆ ಎಂದರ್ಥ.

ಕೆಲವೊಮ್ಮೆ ಒಂದು ಚಾನೆಲ್ ಚಟಪಟ ಎನ್ನುತ್ತಾ, ಒಮ್ಮೆ ಸತ್ತು ಒಮ್ಮೆ ಬದುಕುತ್ತದೆ. ಅಂತಹ ಮಿಕ್ಸರ್‌ನಲ್ಲಿ 'ಇನ್‌ಸರ್ಟ್' ಎಂಬ ಜ್ಯಾಕ್ ಇದೆಯೇ ನೋಡಬೇಕು. ಪ್ಲಗ್ ಇಲ್ಲದಿರುವಾಗ ಸಂಕೇತ ಆ ಜ್ಯಾಕಿನೊಳಗಿನ ಪುಟ್ಟ ಸ್ಪ್ರಿಂಗ್ ಸಂಪರ್ಕದ ಮೂಲಕವೇ ಹಾದುಹೋಗುತ್ತದೆ. ವರ್ಷಗಟ್ಟಲೆ ಬಳಸದೆ ಬಿಟ್ಟಾಗ ಅದು ಕಿಲುಬು ಹಿಡಿಯುತ್ತದೆ. ಯಾವುದಾದರೂ ಪ್ಲಗ್ಗನ್ನು ಅದರಲ್ಲಿ ಹತ್ತಾರು ಬಾರಿ ಹಾಕಿ ತೆಗೆದರೆ 'ಸತ್ತ' ಚಾನೆಲ್ ಎದ್ದು ಕೂರುತ್ತದೆ. ರಿಪೇರಿ ಅಂಗಡಿಯಲ್ಲಿ ಇದಕ್ಕೆ ದುಡ್ಡು ತೆತ್ತವರಿಗೆ ಈ ಗುಟ್ಟು ತಿಳಿದಾಗ ಬೇಸರವಾಗುವುದು ಸಹಜ.

ಮುಚ್ಚಳ ತೆರೆಯುವ ಮುನ್ನ

ಒಂಟಿಯಾಗಿದ್ದಾಗಲೂ 100 ಹರ್ಟ್ಸ್ ಗೊರಗುಟ್ಟುವ ಮಿಕ್ಸರ್‌ಗೆ ಮಾತ್ರ ಒಳಗಿನ ಚಿಕಿತ್ಸೆ ಬೇಕು. ಬಹುತೇಕ ಕಾರಣ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್. ಶಾಖ ಪ್ರತಿ 10 ಡಿಗ್ರಿ ಏರಿದಂತೆ ಇದರ ಆಯುಷ್ಯ ಅಂದಾಜು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರ್‌ಗಳ ಲೆಕ್ಕಾಚಾರ. ಬಿಸಿಲಿನ ಶಾಮಿಯಾನದಲ್ಲಿ ದುಡಿದ ಯಂತ್ರದ ಪಾಡು ಊಹಿಸಬಹುದು. ನೆತ್ತಿ ಉಬ್ಬಿದ, ಬುಡದಲ್ಲಿ ದ್ರವ ಒಸರಿದ ಕೆಪ್ಯಾಸಿಟರ್ ಕಣ್ಣಿಗೇ ಕಾಣುತ್ತದೆ. ಅಷ್ಟೇ ಮೈಕ್ರೋಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚು ವೋಲ್ಟೇಜಿನ, 105 ಡಿಗ್ರಿ ತಾಳಿಕೆಯ ಹೊಸದನ್ನು ಧನ-ಋಣ ತುದಿ ತಪ್ಪದಂತೆ ಬೆಸೆಯಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಈ ಬಿಡಿಭಾಗಕ್ಕೆ ತಗಲುವುದು ಅಲ್ಪ ಹಣ. ಜತೆಯಲ್ಲೇ ಟ್ರಾನ್ಸ್‌ಫಾರ್ಮರ್ ಮತ್ತು ವೋಲ್ಟೇಜ್ ರೆಗ್ಯುಲೇಟರ್‌ಗಳ ಬುಡದ ಬೆಸುಗೆ ಬಿರುಕು ಬಿಟ್ಟಿದೆಯೇ ಎಂದೂ ನೋಡಿಬಿಡಬೇಕು. ಸಾಗಾಟದ ಕುಲುಕಾಟಕ್ಕೆ ಮೊದಲು ಸೋಲುವುದು ಭಾರದ ಭಾಗಗಳೇ.

ನೇರವಾಗಿ ಗೋಡೆಗೆ ಸಿಕ್ಕಿಸುವ ಮಿಕ್ಸರ್‌ನೊಳಗೆ 230 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಬಳಿಕವೂ ಕೆಪ್ಯಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದು. ಬೆಸುಗೆಯ ಅನುಭವವಿಲ್ಲದವರು ಇದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಅಂತರ್ಜಾಲದಲ್ಲಿ ಓದಿ ಒಳಗಿನ ಐಸಿಗಳನ್ನೆಲ್ಲ ಬದಲಿಸಲು ಹೊರಡುವವರೂ ಇದ್ದಾರೆ. ಟಿಎಲ್072 ತೆಗೆದು ಎನ್ಇ5532 ಹಾಕಿದರೆ ಸದ್ದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ತಯಾರಕರ ಅಂಕಿಗಳಿಂದ ತೋರಬಹುದು. ಮೊದಲನೆಯದರ ಸದ್ದಿನ ಸಾಂದ್ರತೆ ಸುಮಾರು 18 ನ್ಯಾನೋವೋಲ್ಟ್, ಎರಡನೆಯದರದು 5. ಆದರೆ ಸುತ್ತಲಿನ ರೆಸಿಸ್ಟರ್‌ಗಳು ಹಳೆಯವೇ ಉಳಿಯುವುದರಿಂದ ಲಾಭದ ಬಹುಪಾಲು ಅಲ್ಲೇ ಕರಗುತ್ತದೆ. ಎನ್ಇ5532 ಹೆಚ್ಚು ವಿದ್ಯುತ್ ಎಳೆಯುತ್ತದೆ, ಹಳೆಯ ಪೂರೈಕೆ ಏದುಸಿರು ಬಿಡುತ್ತದೆ. ಅದರ ಇನ್‌ಪುಟ್ ಹರಿವಿನಿಂದಾಗಿ ಮೊದಲಿಲ್ಲದ ಕರಕರ ಗುಂಡಿಗಳಲ್ಲಿ ಶುರುವಾಗುವುದೂ ಉಂಟು. ಅಗ್ಗದ ಮಿಕ್ಸರ್‌ಗೆ ಇದು ಸಲ್ಲದ ಸಾಹಸ.

ಕೊಳ್ಳುವಾಗಲೇ ಕಿವಿಗೊಡಿ

ಮಾರುವವರು ಸಾಮಾನ್ಯವಾಗಿ ಹಾಡು ಹಾಕಿ ತೋರಿಸುತ್ತಾರೆ. ಹಾಡು ನಡೆಯುತ್ತಿರುವಾಗ ಯಾವ ದೋಷವೂ ಕೇಳುವುದಿಲ್ಲ. ಕೊಳ್ಳುವವರು ತಮ್ಮದೇ ಹೆಡ್‌ಫೋನ್ ಮತ್ತು ಒಂದು ಮೈಕು ಒಯ್ದು, ಹಾಡು ನಿಲ್ಲಿಸಿ, ಪ್ರತಿ ಚಾನೆಲ್‌ನ ಗೇನ್ ಅನ್ನು ಒಂದೇ ಗುರುತಿಗೆ ಏರಿಸಿ ಹೋಲಿಸಬೇಕು. ಎಲ್ಲ ಚಾನೆಲ್‌ಗಳ ಸುಯ್ ಸದ್ದು ಒಂದೇ ಸಮ ಇದ್ದರೆ ಅದು ಯಂತ್ರದ ಸ್ವಭಾವ. ಒಂದರದು ಮಾತ್ರ ಹೆಚ್ಚಿದ್ದರೆ ಅದು ರೋಗ. ಹೊರಮೈಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಚಟಪಟ ಎಂದರೆ ಒಳಗೆ ಬೆಸುಗೆ ಬಿಟ್ಟಿದೆ. ಸಾಧ್ಯವಾದರೆ ಅರ್ಧ ಗಂಟೆ ಚಾಲೂ ಇಟ್ಟು ಮತ್ತೆ ಕೇಳಬೇಕು; ಬಿಸಿಯಾದ ಮೇಲಷ್ಟೇ ಬಾಯಿಬಿಡುವ ದೋಷಗಳು ಅನೇಕ.

ಅಡಾಪ್ಟರ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸಣ್ಣ ಮಿಕ್ಸರ್‌ಗಳಲ್ಲಿ ಹಲವು ಪರ್ಯಾಯ ವಿದ್ಯುತ್ತನ್ನೇ ಹೊರಗೆ ಕೊಡುವ ಅಡಾಪ್ಟರ್ ಬಯಸುತ್ತವೆ. ಧನ ಹಾಗೂ ಋಣ ಎರಡೂ ಪೂರೈಕೆಗಳನ್ನು ಅವು ಒಳಗೇ ತಯಾರಿಸಿಕೊಳ್ಳುತ್ತವೆ. ಮೂಲ ಅಡಾಪ್ಟರ್ ಕಳೆದುಹೋಗಿ, ಪ್ಲಗ್ ಹೊಂದುತ್ತದೆಂದು ಮೋಡೆಮ್‌ನದೋ ಸೆಟ್‌ಟಾಪ್ ಬಾಕ್ಸ್‌ನದೋ ಏಕಮುಖ ವಿದ್ಯುತ್ ಅಡಾಪ್ಟರ್ ಸಿಕ್ಕಿಸಿದ ಮಿಕ್ಸರ್ ಒಂದೋ ಕೆಲಸ ಮಾಡದು, ಇಲ್ಲವೇ ವಿಕಾರವಾಗಿ ಗೊರಗುಟ್ಟುತ್ತದೆ. ಅಡಾಪ್ಟರ್‌ನ ಬೆನ್ನಿನ ಮೇಲಿನ ಬರಹವನ್ನು ಮಿಕ್ಸರ್‌ನ ಹಿಂಬದಿಯ ಬರಹದ ಜತೆ ತಾಳೆ ನೋಡಬೇಕು. ಮೂಲ ಅಡಾಪ್ಟರ್ ಇಲ್ಲದ ಮಿಕ್ಸರ್‌ಗೆ ಬೆಲೆ ಕಟ್ಟುವಾಗ ಹೊಸ ಅಡಾಪ್ಟರ್‌ನ ಹಣವನ್ನು ಮೊದಲೇ ಕಳೆದು ಚೌಕಾಸಿಗೆ ಇಳಿಯುವುದು ಒಳಿತು.